ಬಸ್ಸಿಳಿದು ಹೊಳೆ ದಂಡೆಗೆ: ಕಣಿವೆಯೋ, ಭಾಗಮಂಡಲವೋ?

ಕೊಡಗಿನಲ್ಲಿ ಹೊಳೆಗೇನೂ ಬರವಿಲ್ಲ. ಹೊಳೆ ಪಕ್ಕ ನಡೆಯಲು ಜಾಗ ಸಿಗುವುದೇ ಕಷ್ಟ. ಭಾಗಮಂಡಲದಿಂದ ಶಿರಂಗಾಲದವರೆಗೆ ಕಾವೇರಿ ಜಿಲ್ಲೆಯ ಉದ್ದಕ್ಕೂ ಹರಿಯುತ್ತದೆ, ನಿಜ. ಆದರೆ ದಂಡೆಯ ಬಹುಪಾಲು ಯಾರದ್ದೋ ತೋಟದ ಬೇಲಿಯ ಒಳಗಿದೆ. ನೀರಿನ ಸದ್ದು ಕೇಳುತ್ತದೆ, ಕಣ್ಣಿಗೆ ಬೀಳುವುದು ಮುಳ್ಳುತಂತಿ, ಕಾಫಿ ಗಿಡ, ಸಿಲ್ವರ್ ಓಕ್. ಬಸ್ಸಲ್ಲಿ ಹೋಗುವವರಿಗೆ ಹೊಳೆ ಕೈಗೆ ಸಿಗುವುದು ಸೇತುವೆ ಇರುವಲ್ಲಿ, ದೇವಸ್ಥಾನ ಇರುವಲ್ಲಿ, ಇಲ್ಲವೇ ಟಿಕೆಟ್ ತೆಗೆದುಕೊಂಡು ಒಳಗೆ ಹೋಗುವಲ್ಲಿ.

ನಮ್ಮ ಮನೆಯಲ್ಲಿ ಕಾರಿಲ್ಲ. ಅಮ್ಮನಿಗೆ ಮಂಡಿ ನೋವು. ಡಾಕ್ಟರು ದಿನಾ ನಡೆಯಿರಿ ಅಂದಿದ್ದಾರೆ, ಏರು ಹತ್ತಬೇಡಿ ಅಂತಲೂ ಅಂದಿದ್ದಾರೆ. ಮಡಿಕೇರಿಯಲ್ಲಿ ಏರಿಲ್ಲದ ರಸ್ತೆ ಎಲ್ಲಿದೆ ಹೇಳಿ! ಅದಕ್ಕೇ ರಜೆ ಸಿಕ್ಕಾಗಲೆಲ್ಲ ನಾವಿಬ್ಬರೂ ಬಸ್ ಹತ್ತಿ ಒಂದೊಂದು ಹೊಳೆ ಕಡೆ ಹೋಗಿ ಬರುತ್ತೇವೆ.

ಎಲ್ಲರೂ ಮೊದಲು ಹೇಳುವುದು ಕಾವೇರಿ ನಿಸರ್ಗಧಾಮ. ಬಸ್ಸಿನ ವಿಷಯದಲ್ಲಿ ಅದನ್ನು ಮೀರಿಸುವ ಜಾಗ ಇಲ್ಲ. ಮಡಿಕೇರಿಯಿಂದ ಕುಶಾಲನಗರಕ್ಕೆ ಹೋಗುವ ಹೆದ್ದಾರಿಯಲ್ಲೇ, ಊರು ಬರುವುದಕ್ಕೆ ಸ್ವಲ್ಪ ಮೊದಲು ಇದೆ. ವೇಗದೂತ ಬಸ್ಸು ನಿಲ್ಲಿಸದೆ ಹೋಗಬಹುದು, ಹತ್ತುವಾಗಲೇ ಕಂಡಕ್ಟರನ್ನು ಕೇಳಿಬಿಡಿ. ತೂಗುಸೇತುವೆ ದಾಟಿದರೆ ದ್ವೀಪ. ಬಿದಿರು ಮೆಳೆಗಳ ನಡುವೆ ಸಮತಟ್ಟು ದಾರಿ, ಜಿಂಕೆ, ಕೂರಲು ಬೆಂಚು, ಶೌಚಾಲಯ. ಅಮ್ಮನಿಗೆ ಇದೇ ಇಷ್ಟ, ಮುಖ್ಯವಾಗಿ ಆ ಕೊನೆಯ ಎರಡಕ್ಕೆ. ನನಗೆ ಅಷ್ಟೇನೂ ಹಿಡಿಸಲಿಲ್ಲ. ಶನಿವಾರ, ಭಾನುವಾರ ಸೇತುವೆ ಮೇಲೆ ಸೆಲ್ಫಿಯವರ ಸಾಲು ಕರಗುವುದೇ ಇಲ್ಲ. ಹೋಗುವುದಾದರೆ ವಾರದ ನಡುವೆ, ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಿ.

ದುಬಾರೆಯನ್ನು ನಡಿಗೆಯ ಲೆಕ್ಕಕ್ಕೆ ಸೇರಿಸುವುದೇ ತಪ್ಪು. ಸಿದ್ದಾಪುರ ಬಸ್ಸಲ್ಲಿ ನಂಜರಾಯಪಟ್ಟಣದ ಕಡೆ ಇಳಿದು ಒಳಗೆ ನಡೆದರೆ ಸಿಗುವುದು ಅಂಗಡಿ ಸಾಲು, ದೋಣಿಗೆ ಕ್ಯೂ. ಆಚೆ ದಡದಲ್ಲಿ ಆನೆಗೆ ಸ್ನಾನ ಮಾಡಿಸುವುದನ್ನು ನೋಡುವುದು ಚೆಂದವೇ. ಮಕ್ಕಳಿದ್ದರೆ ಹೋಗಿ. ನಡೆಯುವ ಆಸೆಗೆ ಬೇಡ.

ಹಾಗಾಗಿ ನಿಜವಾದ ಪೈಪೋಟಿ ಎರಡರ ನಡುವೆ. ಒಂದು ಕಣಿವೆ ಅನ್ನುವ ಊರು, ಇನ್ನೊಂದು ಭಾಗಮಂಡಲ. ಜಿಲ್ಲೆಯ ಒಂದು ತುದಿ ಅದು, ಇನ್ನೊಂದು ತುದಿ ಇದು. ಹರಿಯುವುದು ಅದೇ ಕಾವೇರಿ. ಆದರೂ ಎರಡು ಕಡೆ ನೋಡಿದರೆ ಬೇರೆ ಬೇರೆ ಹೊಳೆ ಅನ್ನಿಸುತ್ತದೆ.

ಕಣಿವೆಗೆ ಕುಶಾಲನಗರದಲ್ಲಿ ಬಸ್ ಬದಲಿಸಬೇಕು. ಹೆಬ್ಬಾಲೆ, ಶಿರಂಗಾಲ ಕಡೆ ಹೋಗುವ ಬಸ್ ಹಿಡಿಯಿರಿ. ದಾರಿಯಲ್ಲಿ ಕೂಡಿಗೆ ಸಿಗುತ್ತದೆ. ಹಾರಂಗಿ ಬಂದು ಕಾವೇರಿಗೆ ಸೇರುವುದು ಅಲ್ಲೇ. ಅದಕ್ಕೇ ಕಣಿವೆ ಹೊತ್ತಿಗೆ ಹೊಳೆ ಮೈ ತುಂಬಿಕೊಂಡಿರುತ್ತದೆ. ಇಲ್ಲಿ ಕಾಫಿಯ ಸುಳಿವಿಲ್ಲ. ಗದ್ದೆ, ಜೋಳ, ಶುಂಠಿ. ಬಯಲು ಸೀಮೆಯ ಬಿಸಿಲು. ರಾಮಲಿಂಗೇಶ್ವರ ದೇವಸ್ಥಾನದ ಕೆಳಗೆ ಬಂಡೆಗಳು ಹಾಸಿಕೊಂಡಿವೆ, ನೀರು ಅವುಗಳ ನಡುವೆ ನುಸುಳಿ ಹರಿಯುತ್ತದೆ. ಪಕ್ಕದಲ್ಲೇ ತೂಗುಸೇತುವೆ. ದಾಟಿದರೆ ಕೊಡಗು ಮುಗಿದು ಪಿರಿಯಾಪಟ್ಟಣ ತಾಲೂಕು, ಮೈಸೂರು ಜಿಲ್ಲೆ.

ನಿಸರ್ಗಧಾಮದ್ದು ನೋಡಲು ಕಟ್ಟಿದ ಸೇತುವೆ, ಇದು ಜನ ಓಡಾಡುವ ಸೇತುವೆ. ನಾವು ಹೋದ ದಿನ ಎದುರಿಂದ ಒಬ್ಬರು ಅಜ್ಜಿ ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು, ಯಾವುದನ್ನೂ ಹಿಡಿಯದೆ ಬರುತ್ತಿದ್ದರು. ಅಮ್ಮ ಎರಡೂ ಕೈಯಲ್ಲಿ ಕಂಬಿ ಹಿಡಿದು ನಡುವೆ ನಿಂತುಬಿಟ್ಟಿದ್ದಳು. ‘ಕೆಳಗೆ ನೋಡ್ಬೇಡಿ ಅಕ್ಕಾ, ಎದುರ್ಗಡೆ ನೋಡ್ಕಂಡು ಬನ್ನಿ’ ಅಂದು ಅಜ್ಜಿ ಹೊರೆ ಸಮೇತ ಒಂದು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಅಮ್ಮ ಆಚೆ ದಡ ಮುಟ್ಟಿದಳು. ಅಲ್ಲಿಂದ ಹೊಲದ ಬದಿಯ ದಾರಿಯಲ್ಲಿ ಮನಸ್ಸಿಗೆ ಬಂದಷ್ಟು ದೂರ ನಡೆಯಬಹುದು. ಏರಿಲ್ಲ, ಬೇಲಿ ಕಡಿಮೆ. ಕೊರತೆ ಎಂದರೆ ನೆರಳು. ಹನ್ನೊಂದು ಗಂಟೆಯ ಮೇಲೆ ಬಿಸಿಲು ಸುಡುತ್ತದೆ. ತಿನ್ನಲು ಮನೆಯಿಂದಲೇ ಒಯ್ಯುವುದು ಒಳ್ಳೆಯದು.

ಭಾಗಮಂಡಲಕ್ಕೆ ಮಡಿಕೇರಿಯಿಂದ ನೇರ ಬಸ್ಸಿದೆ. ಬೆಟ್ಟಗೇರಿ, ಚೇರಂಬಾಣೆ, ಚೆಟ್ಟಿಮಾನಿ ದಾಟಿ ಹೋಗುವ ದಾರಿ. ಸುಮಾರು 40 ಕಿಲೋಮೀಟರ್, ತಿರುವುಗಳೇ ಜಾಸ್ತಿ. ಹೊಟ್ಟೆ ತೊಳಸುವವರು ಮುಂದಿನ ಸೀಟು ಹಿಡಿಯಿರಿ. ಬಸ್ ಇಳಿದರೆ ಸಂಗಮ ಕೂಗಳತೆಯಲ್ಲೇ. ಕಾವೇರಿ, ಕನ್ನಿಕೆ ಕಣ್ಣಿಗೆ ಕಾಣುತ್ತವೆ, ಸುಜ್ಯೋತಿ ಗುಪ್ತಗಾಮಿನಿ. ಬೇಸಿಗೆಯಲ್ಲಿ ಮಂಡಿವರೆಗೂ ನೀರಿರುವುದಿಲ್ಲ. ಕೂಡಿಗೆಯ ಕೆಳಗೆ ಅಷ್ಟಗಲ ಹರಿಯುವ ಹೊಳೆ ಇದೇನಾ ಅನ್ನಿಸುತ್ತದೆ. ಭಗಂಡೇಶ್ವರ ದೇವಸ್ಥಾನದ ತಾಮ್ರದ ಮಾಡು ನೋಡಿಕೊಂಡು ನಾಪೋಕ್ಲು ರಸ್ತೆಯಲ್ಲಿ ನಡೆಯುತ್ತಾ ಹೋದರೆ ಗದ್ದೆ ಬಯಲು, ಸುತ್ತಲೂ ಬೆಟ್ಟ. ವಾಹನ ಕಡಿಮೆ, ತಂಪು. ವಾಪಸ್ ಬಂದು ಊಟ, ಕಾಫಿ, ಅಂಗಡಿಯಲ್ಲಿ ಜೇನು. ಇಲ್ಲಿಂದ ತಲಕಾವೇರಿಗೆ 8 ಕಿಲೋಮೀಟರ್ ನಡೆದೇ ಹೋಗೋಣ ಅನ್ನುವವರು ಇರುತ್ತಾರೆ. ಅದು ಪೂರ್ತಿ ಏರು, ಸುಲಭದ ನಡಿಗೆ ಅಲ್ಲವೇ ಅಲ್ಲ.

ನನ್ನ ಓಟು ಕಣಿವೆಗೆ. ಭಾಗಮಂಡಲದಲ್ಲಿ ಹೊಳೆ ನೋಡುವುದು ಒಂದು ಕಡೆ, ನಡೆಯುವುದು ಇನ್ನೊಂದು ಕಡೆ. ರಸ್ತೆಗೆ ಹೋದರೆ ನೀರು ಆಗಾಗ ಕಾಣುತ್ತದೆ ಅಷ್ಟೇ. ಕಣಿವೆಯಲ್ಲಿ ಹಾಗಲ್ಲ, ನೀರು ಜೊತೆಯಲ್ಲೇ ಬರುತ್ತದೆ. ಆದರೆ ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ಕೇಳಿದರೆ ಭಾಗಮಂಡಲ ಎಂದೇ ಹೇಳುತ್ತೇನೆ. ಕಣಿವೆ ಚೆಂದ ನವೆಂಬರಿನಿಂದ ಫೆಬ್ರವರಿವರೆಗೆ. ತುಲಾ ಸಂಕ್ರಮಣದ ಹೊತ್ತಿಗೆ, ಅಂದರೆ ಅಕ್ಟೋಬರ್ ನಡುವೆ, ಭಾಗಮಂಡಲ ಜಾತ್ರೆಯ ಜನರಿಂದ ತುಂಬಿರುತ್ತದೆ. ತೀರ್ಥಕ್ಕೆ ಹೋಗುವವರ ನಡುವೆ ನಡಿಗೆಯ ಮಾತು ಬೇಡ.

ಮಳೆಗಾಲದಲ್ಲಿ ಎರಡೂ ಬೇಡ. ಭಾಗಮಂಡಲದಲ್ಲಿ ಸಂಗಮ ಉಕ್ಕಿದರೆ ರಸ್ತೆಯೇ ಮುಳುಗುತ್ತಿತ್ತು, ಅದಕ್ಕೇ ಈಗ ಮೇಲ್ಸೇತುವೆ ಕಟ್ಟಿದ್ದಾರೆ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಕುಸಿದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಹೊಳೆ ತುಂಬಿ ಹರಿಯುವಾಗ ಕಣಿವೆಯ ತೂಗುಸೇತುವೆ ಹತ್ತಿರವೂ ಸುಳಿಯಬೇಡಿ.

ಸಿದ್ದಾಪುರ, ನೆಲ್ಯಹುದಿಕೇರಿ ನಡುವಿನ ಸೇತುವೆಯನ್ನೂ ಕೆಲವರು ಹೇಳುತ್ತಾರೆ. ಬಸ್ಸು ಬೇಕಾದಷ್ಟಿವೆ, ಹೊಳೆ ಅಗಲವಾಗಿ, ಗಂಭೀರವಾಗಿ ಹರಿಯುತ್ತದೆ. 2019ರ ಪ್ರವಾಹದಲ್ಲಿ ಈ ದಂಡೆಯ ಎಷ್ಟೋ ಮನೆ ಕೊಚ್ಚಿಹೋದವು, ಕರಡಿಗೋಡಿನಲ್ಲೂ ಅದೇ ಪಾಡು. ಆದರೆ ಈ ಭಾಗದಲ್ಲಿ ಕಾಡಾನೆ ಕಾಟ ವಿಪರೀತ. ತೋಟದ ಕೆಲಸಕ್ಕೆ ಹೋಗುವವರೇ ಬೆಳಿಗ್ಗೆ ಹೆದರಿ ಹೋಗುತ್ತಾರೆ. ಮುಂಜಾನೆ, ಮುಸ್ಸಂಜೆ ಸುಮ್ನೆ ತಿರುಗಾಡುವ ಜಾಗ ಅಲ್ಲ. ಇರ್ಪುವಿನಲ್ಲಿ ಲಕ್ಷ್ಮಣತೀರ್ಥ ತುಂಬಾ ಚೆಂದ, ಆದರೆ ಮೆಟ್ಟಿಲು, ಮಳೆ ಬಂದರೆ ಇಂಬಳ. ಅಮ್ಮ ದೇವಸ್ಥಾನದಲ್ಲೇ ಕೂತಳು.

ಕಡಲ ತೀರ ಬೇಕು ಅನ್ನುವವರಿಗೆ ಕೊಡಗಿನಲ್ಲಿ ಕಡಲಿಲ್ಲ. ಸಂಪಾಜೆಯ ಪಯಸ್ವಿನಿ ಪಶ್ಚಿಮಕ್ಕೆ ಇಳಿದು, ಚಂದ್ರಗಿರಿ ಎಂಬ ಹೆಸರಲ್ಲಿ ಕಾಸರಗೋಡಿನ ಹತ್ತಿರ ಕಡಲು ಸೇರುತ್ತದೆ. ಮಂಗಳೂರು ಬಸ್ಸುಗಳೆಲ್ಲ ಆ ದಾರಿಯಲ್ಲೇ ಹೋಗುತ್ತವೆ. ಆದರೆ ಘಾಟಿ ರಸ್ತೆಯ ಅಂಚಲ್ಲಿ ಲಾರಿಗಳ ಪಕ್ಕ ನಡೆಯುವುದು ನಡಿಗೆಯೇ ಅಲ್ಲ.

ಖರ್ಚಿನ ಮಾತು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ, ಸಾಮಾನ್ಯ ಸರ್ಕಾರಿ ಬಸ್ಸಲ್ಲಿ ನಮಗಿಬ್ಬರಿಗೂ ಶೂನ್ಯ ಟಿಕೆಟ್. ಆಧಾರ್ ಮರೆಯಬೇಡಿ. ಜಿಲ್ಲೆಯ ಒಳ ಊರುಗಳ ಕಡೆ ಖಾಸಗಿ ಬಸ್ಸುಗಳೇ ಜಾಸ್ತಿ, ಅವುಗಳಲ್ಲಿ ದುಡ್ಡು ಕೊಡಲೇಬೇಕು. ಎಲ್ಲಿಗೆ ಹೋದರೂ ಇಳಿಯುವಾಗಲೇ ವಾಪಸ್ ಬಸ್ಸಿನ ಹೊತ್ತು ಕೇಳಿಕೊಳ್ಳಿ. ಕಣಿವೆಯಿಂದ ಬರುವವರು ಶಾಲೆ ಬಿಡುವ ಮೊದಲೇ ಕುಶಾಲನಗರ ಸೇರಿಕೊಂಡರೆ ಮಡಿಕೇರಿ ಬಸ್ಸಲ್ಲಿ ಸೀಟು ಸಿಗುತ್ತದೆ.