ಟರ್ಬೊ ಟೈಮರ್, ಐಡಲ್‌ನಲ್ಲಿ ಕಾಯುವುದು, ಕೊನೆಯ ಹಾದಿಯ ನಿಧಾನ ಚಾಲನೆ: ಒಂದು ಹೋಲಿಕೆ

ಟರ್ಬೊ (ಎಂಜಿನ್ ಹೊರಬಿಡುವ ಬಿಸಿ ಅನಿಲದಿಂದ ತಿರುಗಿ, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇರುವ ಕಾರನ್ನು ನಿಲ್ಲಿಸಿದ ಕೂಡಲೇ ಎಂಜಿನ್ ಆಫ್ ಮಾಡಬಾರದು ಎಂಬ ಮಾತಿಗೆ ಗಟ್ಟಿಯಾದ ಆಧಾರವಿದೆ. ಪೂರ್ಣ ಲೋಡ್‌ನಲ್ಲಿ ಓಡುವ ಪೆಟ್ರೋಲ್ ಎಂಜಿನ್ನಿನಿಂದ ಟರ್ಬೊದ ಟರ್ಬೈನಿಗೆ, ಅಂದರೆ ಅನಿಲ ತಿರುಗಿಸುವ ಚಕ್ರಕ್ಕೆ, ಬರುವ ಅನಿಲದ ಉಷ್ಣತೆ 900 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ನಿಮಿಷಕ್ಕೆ 1,00,000ಕ್ಕೂ ಹೆಚ್ಚು ಸುತ್ತು ತಿರುಗುವ ಅದರ ಶಾಫ್ಟನ್ನು ಬೇರಿಂಗಿನೊಳಗೆ ಎತ್ತಿ ಹಿಡಿದಿರುವುದು ಆಯಿಲ್‌ನ ತೆಳು ಪದರ. ಎಂಜಿನ್ ನಿಂತಾಗ ಆಯಿಲ್ ಪಂಪ್ ಕೂಡ ನಿಲ್ಲುತ್ತದೆ. ಆಗ ಟರ್ಬೈನ್ ಕವಚದ ಕಾವು ಬೇರಿಂಗಿನ ಕಡೆಗೆ ಹರಿದು, ಅಲ್ಲೇ ಉಳಿದ ಆಯಿಲ್ ಕರಕಲಾಗಿ ಅಂಟಿಕೊಳ್ಳುತ್ತದೆ. ಇದು ಮತ್ತೆ ಮತ್ತೆ ಆದರೆ ಆಯಿಲ್ ಹರಿಯುವ ದಾರಿ ಕಿರಿದಾಗಿ ಬೇರಿಂಗ್ ಸವೆಯುತ್ತದೆ.

ಇದನ್ನು ತಪ್ಪಿಸುವ ಮೂರು ದಾರಿಗಳನ್ನು ನಾನು ಎರಡು ಕಾರುಗಳಲ್ಲಿ ಪರೀಕ್ಷಿಸಿದ್ದೇನೆ. ಒಂದು, ಆಯಿಲ್‌ನಿಂದ ಮಾತ್ರ ತಣಿಯುವ ಟರ್ಬೊ ಇರುವ ಹಳೆಯ ಡೀಸೆಲ್ ಕಾರು. ಇನ್ನೊಂದು, ಬೇರಿಂಗ್ ಕವಚದೊಳಗೆ ಕೂಲಂಟ್ (ಎಂಜಿನ್ ತಣಿಸುವ ದ್ರವ) ಕೂಡ ಹರಿಯುವ ಹೊಸ ಪೆಟ್ರೋಲ್ ಕಾರು.

ಹಳೆಯ ಕಾರಿಗೆ ಟೈಮರ್ ಹಾಕಿಸಿದಾಗ ಅನುಕೂಲವೇನೋ ಕಂಡಿತು. ಹ್ಯಾಂಡ್‌ಬ್ರೇಕ್ ಎಳೆದು, ಕೀ ತೆಗೆದು ಇಳಿದರೂ ನಿಗದಿಯಾದ ಹೊತ್ತು ಎಂಜಿನ್ ಓಡುತ್ತಿತ್ತು. ಆದರೆ ನಾನು ಹಾಕಿಸಿದಂಥ ಸರಳ ಟೈಮರಿಗೆ ಕಾರು ಹೇಗೆ ಓಡಿತ್ತೆಂಬುದು ತಿಳಿಯದು. ದೀರ್ಘ ಏರು ಹತ್ತಿ ಬಂದರೂ, ಪಕ್ಕದ ಬೀದಿಗೆ ಹೋಗಿ ಬಂದರೂ ಅದರ ಎಣಿಕೆ ಒಂದೇ. ಚಾಲಕನಿಲ್ಲದ ಕಾರಿನಲ್ಲಿ ಎಂಜಿನ್ ಓಡುತ್ತಿರುವುದೂ ನನಗೆ ಒಪ್ಪಿಗೆಯಾಗಲಿಲ್ಲ, ಮುಚ್ಚಿದ ಗ್ಯಾರೇಜಿನಲ್ಲಂತೂ ಅದು ಜೀವಕ್ಕೇ ಅಪಾಯ.

ಕೀ ತಿರುಗಿಸಿ ಆಫ್ ಮಾಡದೆ, ಎಂಜಿನ್ನನ್ನು ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ, ನಿಂತಲ್ಲೇ) ಓಡಲು ಬಿಟ್ಟು ಸೀಟಿನಲ್ಲೇ ಕಾಯುವುದು ಇದಕ್ಕಿಂತ ಮೇಲು. ಏರು ಹತ್ತಿ ನಿಂತ ಮೇಲೆ ಎಕ್ಸಾಸ್ಟ್ ಉಷ್ಣತೆಯ ಮೀಟರನ್ನು ನೋಡುತ್ತಾ ಕುಳಿತರೆ, ಮೊದಲ ಒಂದು ನಿಮಿಷದೊಳಗೆ ಮುಳ್ಳು ಸರಸರನೆ ಇಳಿದು, ಆಮೇಲೆ ಬಹುಮಟ್ಟಿಗೆ ಒಂದೇ ಕಡೆ ನಿಲ್ಲುತ್ತಿತ್ತು. ಮೀಟರ್ ತೋರಿಸುವುದು ಅನಿಲದ ಉಷ್ಣತೆಯನ್ನು. ಎರಕದ ಕಬ್ಬಿಣದ ಕವಚ ತಣಿಯಲು ಇನ್ನಷ್ಟು ಹೊತ್ತು ಬೇಕೆಂಬುದನ್ನು ಮರೆಯಬಾರದು. ಹಾಗಿದ್ದರೂ, ಸಾಧಾರಣ ಓಟದ ನಂತರ ಐದು ನಿಮಿಷ ಕಾಯುವುದರಿಂದ ಇಂಧನ ಖರ್ಚಾಗುವುದೇ ಹೊರತು ಹೆಚ್ಚಿನ ಪ್ರಯೋಜನವಿಲ್ಲ.

ಎರಡನ್ನೂ ಮೀರಿಸಿದ್ದು ಮೂರನೆಯ ದಾರಿ. ಕೊನೆಯ ಎರಡು ಮೂರು ಕಿಲೋಮೀಟರ್ ಆಕ್ಸಿಲರೇಟರನ್ನು ಹಗುರವಾಗಿ ಒತ್ತಿ ಓಡಿಸಿದರೆ ಟರ್ಬೊ ಮೇಲಿನ ಹೊರೆ ಇಳಿಯುತ್ತದೆ, ಆಯಿಲ್ ಐಡಲ್‌ಗಿಂತ ಚೆನ್ನಾಗಿ ಹರಿಯುತ್ತದೆ, ಜೊತೆಗೆ ಎದುರುಗಾಳಿ ರೇಡಿಯೇಟರನ್ನೂ ಬಾನೆಟ್ಟಿನ ಒಳಭಾಗವನ್ನೂ ತಣಿಸುತ್ತದೆ. ಕಾರು ನಿಲ್ಲುವ ಹೊತ್ತಿಗೆ ಟೈಮರ್ ಮಾಡಬೇಕಾದ ಕೆಲಸ ಮುಗಿದೇ ಇರುತ್ತದೆ. ಹೆದ್ದಾರಿಯ ವೇಗದಿಂದ ನೇರವಾಗಿ ಪೆಟ್ರೋಲ್ ಬಂಕಿಗೆ ತಿರುಗಿದಾಗ, ಅಥವಾ ಟ್ರೇಲರ್ ಎಳೆದುಕೊಂಡು ಏರಿನ ತುದಿಯಲ್ಲೇ ನಿಲ್ಲಬೇಕಾದಾಗ ಮಾತ್ರ ಇದಕ್ಕೆ ಅವಕಾಶ ಸಿಗದು, ಅಲ್ಲಿ ಕಾಯಲೇಬೇಕು.

ಹೊಸ ಪೆಟ್ರೋಲ್ ಕಾರಿನ ಕಥೆ ಬೇರೆ. ಬಿರುಸಿನ ಓಟದ ನಂತರ ಆಫ್ ಮಾಡಿ ಬಾನೆಟ್ ಬಳಿ ಕಿವಿಗೊಟ್ಟರೆ ಒಳಗಿನಿಂದ ಸಣ್ಣ ಗುಂಯ್‌ಗುಡುವಿಕೆ ಕೇಳುತ್ತದೆ: ಎಲೆಕ್ಟ್ರಿಕ್ ಪಂಪ್ ಟರ್ಬೊ ಮೂಲಕ ಕೂಲಂಟ್ ಹರಿಸುತ್ತಿರುತ್ತದೆ. ಇಂಥ ಪಂಪ್ ಇಲ್ಲದ ಹಲವು ಕಾರುಗಳಲ್ಲಿಯೂ ಬಿಸಿ ಕೂಲಂಟ್ ತಾನಾಗಿ ಮೇಲೇರಿ, ತಣ್ಣನೆಯದು ಅದರ ಜಾಗಕ್ಕೆ ಬರುವಂತೆ ಪೈಪುಗಳನ್ನು ಜೋಡಿಸಿರುತ್ತಾರೆ. ಇದರ ಮೇಲೆ ಟೈಮರ್ ಹಾಕಿಸುವುದೆಂದರೆ ಆಗಲೇ ನಡೆಯುತ್ತಿರುವ ಕೆಲಸಕ್ಕಾಗಿ ಪುಶ್‌ಬಟನ್ ಸ್ಟಾರ್ಟ್‌ನ ವೈರಿಂಗ್ ಕತ್ತರಿಸಿ, ವಾರಂಟಿಯ ತಕರಾರನ್ನು ಮೈಮೇಲೆ ಎಳೆದುಕೊಂಡಂತೆ. ಆ ಹಣವನ್ನು ಸರಿಯಾದ ದರ್ಜೆಯ ಸಿಂಥೆಟಿಕ್ ಆಯಿಲ್‌ಗೆ ಹಾಕಿ, ಅದನ್ನು ಅವಧಿಗೆ ಸರಿಯಾಗಿ ಬದಲಿಸುವುದೇ ಲೇಸೆಂದು ನಾನು ದೃಢವಾಗಿ ನಂಬಿದ್ದೇನೆ.

ಹಳೆಯ ಡೀಸೆಲ್ ಕಾರಿನ ಟೈಮರನ್ನು ಮಾತ್ರ ಇನ್ನೂ ತೆಗೆಸಿಲ್ಲ. ಅದನ್ನು ಮನೆಯವರೆಲ್ಲರೂ ಓಡಿಸುತ್ತಾರೆ, ಎಲ್ಲರೂ ಕಾಯುತ್ತಾರೆಂಬ ಭರವಸೆಯಿಲ್ಲ. ಹಾಗಾಗಿ ಒಂದು ನಿಮಿಷಕ್ಕೆ ಇಳಿಸಿ ಇಟ್ಟಿದ್ದೇನೆ. ಹೊಸ ಕಾರಿಗೆ ಅದರ ಕೈಪಿಡಿಯಲ್ಲಿ ವೇಗದ ಓಟ ಮತ್ತು ಏರುದಾರಿಯ ನಂತರ ಎಷ್ಟು ಹೊತ್ತು ಐಡಲ್‌ನಲ್ಲಿ ಬಿಡಬೇಕೆಂದು ಬರೆದಿದೆಯೋ ಅಷ್ಟನ್ನೇ ಪಾಲಿಸುತ್ತೇನೆ.