ಬಿಪಿ ಗುಳಿಗಿ ತಗೊಳ್ಳುವವರು ರೊಟ್ಟಿ ಬಿಡುವ ಮುಂಚೆ ಇದನ್ನು ಓದಿ

ನನ್ನ ಎಡಗೈಯಲ್ಲಿ ಇನ್ನೂ ಸುಟ್ಟ ಕಲೆ ಇದೆ. ಕಾದ ಹಂಚಿನ ಮೇಲೆ ಕೈ ಊರಿದ್ದರಿಂದ ಆದದ್ದು. ಹೋದ ಮೇ ತಿಂಗಳ ಮಾತು. ಬಿಪಿಗೆ ಗುಳಿಗಿ ತಗೊಳ್ತಾ, ತೂಕ ಇಳಿಸೋಕೆ ಅಂತ ರೊಟ್ಟಿ, ಅನ್ನ ಬಿಡಬೇಕು ಅಂದುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ನಾನು ಕಲಬುರಗಿಯಲ್ಲಿ ಜೋಳದ ರೊಟ್ಟಿ ಮಾಡಿ ಮಾರುತ್ತೇನೆ. ಮನೆ ಹಿಂದೆ ತಗಡಿನ ಶೆಡ್ ಇದೆ. ಮೂರು ಒಲೆ. ನನ್ನ ಜೊತೆ ಇಬ್ಬರು ಹೆಣ್ಣುಮಕ್ಕಳು ಕೆಲಸಕ್ಕೆ ಬರುತ್ತಾರೆ. ಬೆಳಿಗ್ಗೆ 6ಕ್ಕೆ ಕೂತರೆ 11ರ ತನಕ ಬಡಿಯುವುದೇ ಬಡಿಯುವುದು. ಮದುವೆ ಸೀಸನ್ ಬಂದರೆ ಸಂಜೆ ಮತ್ತೆ ಕೂರಬೇಕು. ನನಗೀಗ 51 ವರ್ಷ. ಬಿಪಿ 6 ವರ್ಷದಿಂದ ಇದೆ. ಮೊಣಕಾಲು ನೋವು ಶುರುವಾದ ಮೇಲೆ ಡಾಕ್ಟರು ತೂಕ ಇಳಿಸಿ ಅಂದರು. ಹೇಗೆ ಇಳಿಸಬೇಕು ಅಂತ ನಾನು ಕೇಳಲಿಲ್ಲ. ಅದು ನನ್ನ ತಪ್ಪು.

ಗಿರಾಕಿಯೊಬ್ಬರು ಫೋನಿನಲ್ಲೇ ಡಯೆಟ್ ಹೇಳಿಕೊಡುವ ಒಬ್ಬರ ನಂಬರ್ ಕೊಟ್ಟರು. ತಿಂಗಳಿಗೆ 2000 ರೂಪಾಯಿ. ಹಣ ಹಾಕಿದ ಸ್ವಲ್ಪ ಹೊತ್ತಿಗೇ ವಾಟ್ಸಾಪ್‌ಗೆ ಚಾರ್ಟ್ ಬಂತು. ರೊಟ್ಟಿ, ಚಪಾತಿ, ಅನ್ನ, ಬೇಳೆ, ಸಕ್ಕರೆ, ಬಾಳೆಹಣ್ಣು ಎಲ್ಲ ಬಂದ್. ಪನೀರ್, ಮೊಸರು, ಬೆಣ್ಣೆ, ಸೊಪ್ಪು, ಸೌತೆಕಾಯಿ, ಒಂದು ಹಿಡಿ ಶೇಂಗಾ. ನನ್ನ ತೂಕ ಕೇಳಿದರು, ಎತ್ತರ ಕೇಳಿದರು. ಮೊಟ್ಟೆ ತಿಂತೀರಾ ಅಂತ ಕೇಳಿದರು, ಇಲ್ಲ ಅಂದಿದ್ದಕ್ಕೆ ಪನೀರ್ ಜಾಸ್ತಿ ಮಾಡಿದರು. ಮನೆಯಲ್ಲಿ ಫಂಕ್ಷನ್ ಯಾವಾಗ ಇದೆ ಅಂತಲೂ ಕೇಳಿದರು. ಯಾವ ಗುಳಿಗಿ ತಗೊಳ್ತೀರಿ ಅಂತ ಮಾತ್ರ ಕೇಳಲಿಲ್ಲ.

ಮೊದಲ 9 ದಿನದಲ್ಲಿ 4 ಕೆಜಿ ಇಳಿಯಿತು. ಗಂಟೆಗೊಮ್ಮೆ ಬಚ್ಚಲಿಗೆ ಹೋಗಬೇಕಾಗುತ್ತಿತ್ತು. ಕೊಬ್ಬು ಕರಗುತ್ತಿದೆ ಅಂತಲೇ ತಿಳಿದುಕೊಂಡೆ. ಮನೆಯ ಮಷೀನಿನಲ್ಲಿ ಬಿಪಿ ನೋಡಿದರೆ 112/70. ಗುಳಿಗಿ ತಗೊಂಡರೂ 140ರ ಆಸುಪಾಸಿನಲ್ಲೇ ಇರುತ್ತಿದ್ದ ಬಿಪಿ ಅದು. ಖುಷಿಯಿಂದ ಫೋಟೋ ತೆಗೆದು ಡಯೆಟ್ ಹೇಳುವವರಿಗೆ ಕಳಿಸಿದೆ. ಅವರು ಚಪ್ಪಾಳೆಯ ಚಿತ್ರ ಕಳಿಸಿದರು. ಬಿಪಿ ಇಷ್ಟು ಇಳಿದಿದ್ದರೂ ನಾನು ಗುಳಿಗಿಯನ್ನು ಮೊದಲಿನ ಹಾಗೇ ನುಂಗುತ್ತಿದ್ದೆ. ಇದನ್ನು ಅವರೂ ಗಮನಿಸಲಿಲ್ಲ, ನಾನೂ ಗಮನಿಸಲಿಲ್ಲ.

ಈ ಡಯೆಟ್ಟಿನಲ್ಲಿ ನನಗೆ ಗೊತ್ತಿಲ್ಲದಂತೆಯೇ ಉಪ್ಪು ಕೂಡ ತುಂಬಾ ಕಡಿಮೆಯಾಗಿತ್ತು. ನಮ್ಮ ಕಡೆ ರೊಟ್ಟಿ ಹಿಟ್ಟಿಗೆ ಉಪ್ಪು ಹಾಕುವುದಿಲ್ಲ ಅಲ್ವಾ? ಉಪ್ಪೆಲ್ಲ ಇರುವುದು ರೊಟ್ಟಿಗೆ ಹಚ್ಚಿಕೊಂಡು ತಿನ್ನುವುದರಲ್ಲಿ. ಶೇಂಗಾ ಹಿಂಡಿ (ಚಟ್ನಿಪುಡಿ), ಪುಂಡಿ ಪಲ್ಯ, ಬ್ಯಾಳಿ, ಮಾವಿನಕಾಯಿ ಉಪ್ಪಿನಕಾಯಿ. ರೊಟ್ಟಿ ಬಿಟ್ಟ ದಿನವೇ ಇವೆಲ್ಲ ತಟ್ಟೆಯಿಂದ ಹೋದವು. ಪನೀರಿಗೆ ಯಾರು ಹಿಂಡಿ ಹಚ್ಚಿಕೊಳ್ಳುತ್ತಾರೆ? ಮೊದಲೇ ಬಿಪಿ ಅಂತ ನಾನು ಕೈ ಬಿಗಿ ಹಿಡಿದೇ ಉಪ್ಪು ಹಾಕುತ್ತಿದ್ದವಳು. ಸೌತೆಕಾಯಿಯನ್ನೂ ಸಪ್ಪಗೆ ತಿನ್ನುತ್ತಿದ್ದೆ.

ಎರಡನೇ ವಾರ ರಾತ್ರಿ ಮೀನಖಂಡ ಹಿಡಿದುಕೊಳ್ಳಲು ಶುರುವಾಯಿತು. ಕಾಲು ಕಲ್ಲಿನಂತಾಗಿ ಅಳು ಬರುತ್ತಿತ್ತು. ತಲೆ ಭಾರ. ಒಲೆ ಮುಂದಿನಿಂದ ಎದ್ದರೆ ಒಂದು ಕ್ಷಣ ಕಣ್ಣಿಗೆ ಕತ್ತಲೆ. ಬಿಸಿಲಿಗೆ ಹೀಗಾಗುತ್ತಿದೆ ಅಂದುಕೊಂಡೆ. ನಮ್ಮೂರಿನ ಮೇ ತಿಂಗಳು ಗೊತ್ತಲ್ಲ. 42, 43 ಡಿಗ್ರಿ. ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಅಂಥದರಲ್ಲಿ ತಗಡಿನ ಕೆಳಗೆ, ಬೆಂಕಿಯ ಮುಂದೆ ಕೂತರೆ ಸೀರೆ ಹಿಂಡಿದರೆ ನೀರು ಬರುವಷ್ಟು ಬೆವರು.

ಜೊತೆಗೆ ಕೆಲಸ ಮಾಡುವ ಹುಡುಗಿ ಒಂದು ದಿನ ಓಆರ್‌ಎಸ್ ಪುಡಿ ಕಲಸಿ ತಂದಳು. "ಅಕ್ಕಾ, ಮಾರಿ ಬೆಳ್ಳಗಾಗ್ಯಾದ ನೋಡ್, ಇದು ಕುಡಿ" ಅಂದಳು. ಅದರಲ್ಲಿ ಸಕ್ಕರೆ ಇರುತ್ತೆ, ಚಾರ್ಟಿನಲ್ಲಿ ಸಕ್ಕರೆ ಬಂದ್ ಅಂತ ನಾನು ಕುಡಿಯಲಿಲ್ಲ. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಓಆರ್‌ಎಸ್‌ನಲ್ಲಿ ಗ್ಲೂಕೋಸ್ ಹಾಕಿರುವುದು ರುಚಿಗೆ ಅಲ್ಲವಂತೆ. ಕರುಳಿನಿಂದ ಉಪ್ಪನ್ನು ರಕ್ತಕ್ಕೆ ದಾಟಿಸುವುದೇ ಆ ಗ್ಲೂಕೋಸ್. ಒಂದು ಲೀಟರಿಗೆ 13.5 ಗ್ರಾಂ ಅಷ್ಟೇ. ಅದನ್ನು ದವಾಖಾನೆಯಲ್ಲಿ ಹೇಳಿದರು. ಆಮೇಲೆ.

ಅವತ್ತು 300 ರೊಟ್ಟಿಯ ಆರ್ಡರ್ ಇತ್ತು. ಡಯೆಟ್ ಶುರುವಾಗಿ 20 ದಿನ. ಕಡಕ್ ರೊಟ್ಟಿ ಬೇಕು ಅಂದಿದ್ದರು, ಹಾಗಾಗಿ ತೆಳ್ಳಗೆ ಬಡಿಯುತ್ತಿದ್ದೆ. ಹಂಚಿಗೆ ಹಾಕಿದ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಹಚ್ಚಿದೆ. ಪರಾತದಲ್ಲಿ ಹಿಟ್ಟು ಮುಗಿದಿತ್ತು, ತರೋಣ ಅಂತ ಎದ್ದೆ. ಮೊದಲು ಕಿವಿಯಲ್ಲಿ ಗುಂಯ್ ಅಂತ ಶಬ್ದ. ಒಲೆಯ ಬೆಂಕಿ ಸಣ್ಣದಾಗುತ್ತಾ ದೂರ ಹೋದಂತೆ ಕಂಡಿತು. ಬೀಳುತ್ತಿದ್ದೇನೆ ಅಂತ ಗೊತ್ತಾಯಿತು, ಕೈ ಚಾಚಿದೆ. ಕೈಗೆ ಸಿಕ್ಕಿದ್ದು ಹಂಚು. ಉರಿ ಗೊತ್ತಾಗಿದ್ದು ಎಚ್ಚರ ಬಂದ ಮೇಲೆಯೇ. ಹುಡುಗಿ "ಅಕ್ಕಾ, ಕಣ್ ಬಿಡು, ಅಕ್ಕಾ" ಅಂತ ಅಳುತ್ತಾ ಹಿಟ್ಟಿನ ಕೈಯಲ್ಲೇ ನನ್ನ ಕೈ ಹಿಡಿದು ನಳದ ಕೆಳಗೆ ಇಟ್ಟಿದ್ದಳು.

ದವಾಖಾನೆಯಲ್ಲಿ ಮಲಗಿಸಿ ಬಿಪಿ ನೋಡಿದರು, 100/64. ಆಮೇಲೆ ಇಬ್ಬರು ಹಿಡಿದು ನಿಲ್ಲಿಸಿ ನೋಡಿದರು. 74/50. ಕೂತು ನೋಡಿದಾಗ ಚೆನ್ನಾಗಿ ಕಾಣುತ್ತಿದ್ದ ಬಿಪಿ, ನಿಂತಾಗ ಅಷ್ಟು ಕೆಳಗೆ ಹೋಗುತ್ತಿತ್ತು. ಮನೆಯಲ್ಲಿ ನಾನು ಒಂದು ದಿನವೂ ನಿಂತು ನೋಡಿರಲಿಲ್ಲ. ಹಾಗೆ ನೋಡಬೇಕು ಅಂತಲೇ ಗೊತ್ತಿರಲಿಲ್ಲ. ಎದ್ದು ನಿಂತ 3 ನಿಮಿಷದೊಳಗೆ ಮೇಲಿನ ಅಂಕಿ 20 ಇಳಿದರೆ ಅದು ಲೆಕ್ಕಕ್ಕೆ ತಗೊಳ್ಳಬೇಕಾದ ಇಳಿತ. ರಕ್ತ ಪರೀಕ್ಷೆಯಲ್ಲಿ ಸೋಡಿಯಂ, ಅಂದರೆ ಉಪ್ಪಿನಲ್ಲಿರುವ ಮುಖ್ಯ ಅಂಶ, 124 ಬಂತು. 135ರಿಂದ 145 ಇರಬೇಕು. ಎರಡು ರಾತ್ರಿ ಇರಿಸಿಕೊಂಡರು. ಸೋಡಿಯಂ ಇಳಿದಿದೆ ಅಂತ ಗಡಿಬಿಡಿಯಿಂದ ಏರಿಸಿದರೆ ಮಿದುಳಿಗೆ ಪೆಟ್ಟಾಗುತ್ತದಂತೆ, ಅದಕ್ಕೇ ನಿಧಾನವಾಗಿ ಸಲೈನ್ ಕೊಟ್ಟರು.

ಡಾಕ್ಟರಮ್ಮ ಮೊದಲು ಕೇಳಿದ್ದೇ "ಗುಳಿಗಿ ಯಾವ್ದು ತಗೋತೀರಿ ಅಮ್ಮಾ?" ಅಂತ. ನಮ್ಮ ಮನೆಯವರು ಸ್ಟ್ರಿಪ್ ತಂದು ಕೊಟ್ಟರು. ಅವರು ಅದನ್ನು ತಿರುಗಿಸಿ ಹಿಂದೆ ಬರೆದಿದ್ದನ್ನು ನನಗೆ ಓದಿಸಿದರು. ಟೆಲ್ಮಿಸಾರ್ಟನ್ 40, ಹೈಡ್ರೋಕ್ಲೋರೋಥಯಾಜೈಡ್ 12.5. ಒಂದೇ ಗುಳಿಗಿ, ಒಳಗೆ ಎರಡು ಔಷಧ. ಎರಡನೆಯದು ಮೂತ್ರದ ಜೊತೆ ಉಪ್ಪನ್ನು ಹೊರಗೆ ಹಾಕುವ ಔಷಧ. 6 ವರ್ಷದಿಂದ ನುಂಗುತ್ತಿದ್ದೆ, ನನಗೆ ಗೊತ್ತೇ ಇರಲಿಲ್ಲ.

ಅವರು ಬಿಡಿಸಿ ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ. ರೊಟ್ಟಿ, ಅನ್ನ ತಿಂದಾಗ ಮೈಯಲ್ಲಿ ಇನ್ಸುಲಿನ್ ಏರುತ್ತದೆ. ಅದು ಸಕ್ಕರೆಯ ಕೆಲಸದ ಜೊತೆಗೆ, ಉಪ್ಪನ್ನು ಹಿಡಿದಿಟ್ಟುಕೋ ಅಂತ ಕಿಡ್ನಿಗೂ ಹೇಳುತ್ತದೆ. ರೊಟ್ಟಿ, ಅನ್ನ ನಿಲ್ಲಿಸಿದರೆ ಇನ್ಸುಲಿನ್ ಇಳಿಯುತ್ತದೆ. ಆಗ ಕಿಡ್ನಿ ಉಪ್ಪನ್ನು ಬಿಟ್ಟುಬಿಡುತ್ತದೆ, ಉಪ್ಪಿನ ಬೆನ್ನಿಗೆ ನೀರೂ ಹೋಗುತ್ತದೆ. ಇನ್ನೊಂದು ಕಡೆ, ಲಿವರ್ ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಅನ್ನುವ ಸಕ್ಕರೆಯ ದಾಸ್ತಾನು ಖರ್ಚಾಗುತ್ತದೆ. ಅದರ ಒಂದೊಂದು ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಇರುತ್ತದೆ, ಅದೂ ಹೋಗುತ್ತದೆ. ನನ್ನ ಆ 4 ಕೆಜಿಯಲ್ಲಿ ಹೆಚ್ಚಿನದು ನೀರೇ. ಡಯೆಟ್ ಉಪ್ಪು ತೆಗೆಯಿತು, ಗುಳಿಗಿ ಉಪ್ಪು ತೆಗೆಯಿತು, ಬೆವರು ತೆಗೆಯಿತು, ಊಟದಲ್ಲಿ ನಾನೇ ಹಾಕಿಕೊಳ್ಳಲಿಲ್ಲ. ಮೇಲಿಂದ ಬಿಸಿಲು ಅಂತ ಬರೀ ನೀರು ಕುಡಿದಿದ್ದೇ ಕುಡಿದಿದ್ದು, ಅದರಿಂದ ರಕ್ತದಲ್ಲಿ ಉಳಿದಿದ್ದ ಉಪ್ಪೂ ತೆಳುವಾಯಿತು.

ಹಾಗಾದರೆ ಉಪ್ಪು ಜಾಸ್ತಿ ತಿಂದರೆ ಸರಿಹೋಗುತ್ತೆ ಅಂತ ಅಂದುಕೊಳ್ಳಬೇಡಿ. ನಮ್ಮ ಮನೆಯಲ್ಲೇ ಅದರದೂ ಅನುಭವ ಆಯಿತು.

ನನಗೆ ತಲೆ ಸುತ್ತುತ್ತೆ ಅಂದಾಗ ಆ ಡಯೆಟ್ ಹೇಳುವವರು, ದಿನಕ್ಕೆ ಎರಡು ಸಲ ಒಂದೊಂದು ಚಮಚ ಉಪ್ಪು ನೀರಿಗೆ ಹಾಕಿ ಕುಡಿಯಿರಿ, ಈ ಡಯೆಟ್ಟಿನಲ್ಲಿ ಉಪ್ಪು ಏನೂ ಮಾಡಲ್ಲ ಅಂದಿದ್ದರು. 6 ವರ್ಷ ಉಪ್ಪು ಕಡಿಮೆ ಮಾಡಿ ಅಂತ ಕೇಳಿಸಿಕೊಂಡವಳು ನಾನು, ಹೆದರಿ ಕುಡಿಯಲಿಲ್ಲ. ನಮ್ಮ ಮನೆಯವರು ಕುಡಿದರು. ಅವರಿಗೂ ಬಿಪಿ ಇದೆ. ಅವರೂ ಡಯೆಟ್ ಅಂತ ಹೊರಟಿದ್ದರು, ಆದರೆ ಮದುವೆ ಸೀಸನ್. ವಾರಕ್ಕೆ ಎರಡು ಮೂರು ಕಡೆ ಊಟ, ಅನ್ನ, ಜಿಲೇಬಿ. ಮತ್ತೆ ಮನೆಗೆ ಬಂದು ಉಪ್ಪುನೀರು. ದಿನಕ್ಕೆ ಒಟ್ಟು 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಹೆಚ್ಚು ಕಡಿಮೆ ಒಂದು ಮಟ್ಟ ಟೀ ಚಮಚ, ಅಡುಗೆಯದೂ ಸೇರಿ. ಇವರು ಊಟದ ಉಪ್ಪಿನ ಮೇಲೆ ಎರಡು ಚಮಚ ಕುಡಿಯುತ್ತಿದ್ದರು. ಅನ್ನ, ಸಿಹಿ ತಿಂದಾಗ ಇನ್ಸುಲಿನ್ ಮತ್ತೆ ಏರುತ್ತದೆ, ಕಿಡ್ನಿ ಮತ್ತೆ ಉಪ್ಪು ಹಿಡಿಯುತ್ತದೆ.

ನಾನು ಮಲಗಿದ್ದ ವಾರ್ಡಿನಲ್ಲೇ ಅವರು ಎರಡು ದಿನದಿಂದ ತಲೆನೋವು ಅಂತ ಹಣೆ ಒತ್ತಿಕೊಳ್ಳುತ್ತಾ ಕೂತಿದ್ದರು. "ನಂದೂ ಒಂದ್ಸಲ ನೋಡ್ರಿ" ಅಂತ ಸಿಸ್ಟರ್ ಮುಂದೆ ತೋಳು ಚಾಚಿದರು. 172/104. ಒಂದೇ ಮನೆ, ಒಂದೇ ಚಾರ್ಟ್. ನನಗೆ ನಿಂತರೆ 74, ಅವರಿಗೆ ಕೂತರೆ 172.

ಇನ್ನೊಂದು ವಿಷಯ. ಮನೆಗೆ ಬಂದ ಮೇಲೆ ನಮ್ಮ ತಂಗಿ ಪ್ರೀತಿಯಿಂದ ಕಡಿಮೆ ಸೋಡಿಯಂ ಉಪ್ಪಿನ ಪ್ಯಾಕೆಟ್ ತಂದಳು. ಬಿಪಿಗೆ ಒಳ್ಳೆಯದಂತೆ ಅಂದಳು. ಮರುಪರೀಕ್ಷೆಗೆ ಹೋದಾಗ ಪ್ಯಾಕೆಟ್ ತೋರಿಸಿದೆ. ಡಾಕ್ಟರಮ್ಮ ಅದನ್ನು ಬಳಸಬೇಡಿ ಅಂದರು. ಆ ಉಪ್ಪಿನಲ್ಲಿ ಸೋಡಿಯಂ ಬದಲು ಸ್ವಲ್ಪ ಪೊಟ್ಯಾಸಿಯಂ ಸೇರಿಸಿರುತ್ತಾರೆ. ಟೆಲ್ಮಿಸಾರ್ಟನ್ ಥರದ ಗುಳಿಗಿಗಳೂ ಪೊಟ್ಯಾಸಿಯಂ ಏರಿಸುತ್ತವೆ. ಎರಡೂ ಸೇರಿ ಜಾಸ್ತಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಕಿಡ್ನಿ ತೊಂದರೆ ಇರುವವರಿಗಂತೂ ಇನ್ನೂ ಅಪಾಯ. ಎಷ್ಟೋ ಜನಕ್ಕೆ ಆ ಉಪ್ಪು ಒಳ್ಳೆಯದೇ ಇರಬಹುದು, ಆದರೆ ನಿಮ್ಮ ಗುಳಿಗಿ ಯಾವುದು ಅಂತ ನೋಡದೆ ತರಬೇಡಿ. ಸೈಂಧವ ಲವಣ ತಿಂದರೆ ಬಿಪಿ ಏರಲ್ಲ ಅನ್ನುವುದೂ ಸುಳ್ಳು. ಅದರಲ್ಲೂ ಸೋಡಿಯಂ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ, ಮೇಲಾಗಿ ಎಷ್ಟೋ ಸಲ ಅಯೋಡಿನ್ ಸೇರಿಸಿರುವುದಿಲ್ಲ.

ರೊಟ್ಟಿ ಕಡಿಮೆ ಮಾಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಜನಕ್ಕೆ ಅದರಿಂದ ಬಿಪಿಯೂ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ. ಇಳಿಯುತ್ತದೆ ಅಂತಲೇ ಗುಳಿಗಿಯ ಲೆಕ್ಕ ಮತ್ತೆ ಹಾಕಿಸಬೇಕು. ಶುರು ಮಾಡುವ ಮುಂಚೆಯೇ ಡಾಕ್ಟರ ಹತ್ತಿರ ಹೋಗಿ, ಇಂಥಾ ಡಯೆಟ್ ಮಾಡ್ತೀನಿ, ನನ್ನ ಗುಳಿಗಿ ಇವು ಅಂತ ಸ್ಟ್ರಿಪ್ ಮುಂದಿಡಿ. ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ನೋಡಿಸಿಕೊಳ್ಳಿ. ಉಪ್ಪು ಎಷ್ಟು ಅನ್ನುವುದನ್ನೂ ಅವರನ್ನೇ ಕೇಳಿ. ನೀವಾಗಿಯೇ ಗುಳಿಗಿ ಬಿಡಲೂಬೇಡಿ, ಅದೂ ಅಷ್ಟೇ ಅಪಾಯ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತಗೊಳ್ಳುವವರು ಇನ್ನೂ ಹುಷಾರಾಗಿರಿ, ರೊಟ್ಟಿ ಬಿಟ್ಟು ಅದೇ ಡೋಸ್ ತಗೊಂಡರೆ ಸಕ್ಕರೆ ಒಮ್ಮೆಲೇ ಕುಸಿಯುತ್ತದೆ. ಎದ್ದಾಗ ಕಣ್ಣಿಗೆ ಕತ್ತಲೆ ಬಂದರೆ ಬಿಸಿಲು ಅಂತ ಸುಮ್ನೆ ಇರಬೇಡಿ.

ನನಗೆ ಮೂತ್ರದ ಔಷಧ ಇಲ್ಲದ ಗುಳಿಗಿ ಬರೆದುಕೊಟ್ಟರು. ಮಧ್ಯಾಹ್ನ ಒಂದು ರೊಟ್ಟಿ ತಿನ್ನುತ್ತೇನೆ, ಜೊತೆಗೆ ಪಲ್ಯ ಜಾಸ್ತಿ, ಹಿಂಡಿ ಸ್ವಲ್ಪ. ತೂಕ ತಿಂಗಳಿಗೆ ಒಂದು ಕೆಜಿಯಷ್ಟು ಇಳಿಯುತ್ತಿದೆ. ಬಿಪಿ ಕೂತು ಒಂದು ಸಲ, ಎದ್ದು ನಿಂತು ಒಂದು ಸಲ ನೋಡಿ, ಒಲೆ ಪಕ್ಕದ ಗೋಡೆಗೆ ಅಂಟಿಸಿದ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಡಯೆಟ್ ಹೇಳುವವರು ಎರಡನೇ ತಿಂಗಳ ಹಣಕ್ಕೆ ಫೋನ್ ಮಾಡಿದ್ದರು. ಆದದ್ದನ್ನೆಲ್ಲ ಹೇಳಿದೆ. ಇನ್ನು ಮೇಲೆ ಎಲ್ಲರಿಗೂ ಗುಳಿಗಿ ಯಾವುದು ಅಂತ ಮೊದಲು ಕೇಳಿ ಅಂತ ಬೇಡಿಕೊಂಡೆ. ನೋಡೋಣ ಅಂದರು.

ಮೊನ್ನೆ ಕಾಯಂ ಗಿರಾಕಿ ಒಬ್ಬಳು ಬಂದು, "ಅಕ್ಕಾ, ಇನ್ಮ್ಯಾಲೆ ನಂಗ ರೊಟ್ಟಿ ಬ್ಯಾಡ, ಡಯೆಟ್ ಚಾಲೂ ಮಾಡೀನಿ" ಅಂದಳು. "ಆಯ್ತವಾ, ಬಿಪಿ ಗುಳಿಗಿ ಏನರ ತಗೋತಿ?" ಅಂತ ಕೇಳಿದೆ. ಪರ್ಸಿನಿಂದ ಸ್ಟ್ರಿಪ್ ತೆಗೆದಳು. ಇಬ್ಬರೂ ಬಾಗಿಲ ಬೆಳಕಿಗೆ ಹಿಡಿದು ಹಿಂದಿನ ಸಣ್ಣ ಅಕ್ಷರ ಓದಿದೆವು. ಎರಡು ಔಷಧದ ಹೆಸರಿದ್ದವು. ಅವತ್ತಿಗೆ ಆರು ರೊಟ್ಟಿ ಕಟ್ಟಿಕೊಟ್ಟು, ಮೊದಲು ದವಾಖಾನೆಗೆ ಹೋಗಿ ಬಾ ಅಂತ ಕಳಿಸಿದೆ.