ಹನ್ನೊಂದು ಇಂಚಿನ ಲ್ಯಾಪ್‌ಟಾಪಿಗೆ ಮಿಂಟ್, ಫ್ಲೆಕ್ಸ್, ಡೆಬಿಯನ್: ಕನ್ನಡ ಟೈಪಿಸುವವನ ಹೋಲಿಕೆ

ಮೂರೂ ವಿಂಡೋಸ್‌ಗೆ ಬದಲಾಗಿ ಹಾಕಿಕೊಳ್ಳಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆಗಳು. ಇದನ್ನು ಬರೆಯುತ್ತಿರುವುದೇ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯಲ್ಲಿ. ಉಳಿದ ಎರಡನ್ನೂ ಇದೇ ಯಂತ್ರದಲ್ಲಿ ಹಾಕಿ, ಅದರಲ್ಲೇ ಕೆಲಸ ಮಾಡಿ, ತೆಗೆದಿದ್ದೇನೆ. ಆದ್ದರಿಂದ ತಕ್ಕಡಿ ಯಾವ ಕಡೆ ವಾಲುತ್ತದೆ ಎಂಬ ಕುತೂಹಲ ಉಳಿಸಿಕೊಳ್ಳುವ ಅಗತ್ಯವಿಲ್ಲ.

ಯಂತ್ರ ಬಡಪಾಯಿ. ಸೆಲೆರಾನ್ ಎನ್3350 ಪ್ರೊಸೆಸರ್, 4 ಜಿಬಿ ರ‍್ಯಾಮ್, ಮದರ್‌ಬೋರ್ಡಿಗೇ ಬೆಸೆದ 32 ಜಿಬಿ ಇಎಂಎಂಸಿ ಎಂಬ ನಿಧಾನದ ಡಿಸ್ಕ್. ಹಗುರ, ಬಸ್ಸಿನ ಸೀಟಿನಲ್ಲಿ ತೊಡೆಯ ಮೇಲೆ ಕೂರುತ್ತದೆ ಎಂಬ ಕಾರಣಕ್ಕೇ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಅದರಲ್ಲಿದ್ದ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಈ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಇದ್ದಿದ್ದರೂ ಅದು ಕೇಳುವ 64 ಜಿಬಿ ಜಾಗವನ್ನು ಎಲ್ಲಿಂದ ತರುವುದು? ಹೊಸದು ಕೊಳ್ಳುವ ಹಣ ಕೈಯಲ್ಲಿಲ್ಲ. ಒಂದು ಪೆನ್‌ಡ್ರೈವ್ ಇತ್ತು.

ಮೊದಲು ಕ್ರೋಮ್ ಓಎಸ್ ಫ್ಲೆಕ್ಸ್. ನೆವರ್‌ವೇರ್ ಎಂಬ ಕಂಪನಿಯ ಕ್ಲೌಡ್‌ರೆಡಿ ಎಂಬ ವ್ಯವಸ್ಥೆಯನ್ನು ಗೂಗಲ್ 2020ರಲ್ಲಿ ತನ್ನದಾಗಿಸಿಕೊಂಡು, 2022ರಲ್ಲಿ ಈ ಹೆಸರಿನಲ್ಲಿ ಹೊರತಂದಿತು. ವೇಗದ ವಿಷಯದಲ್ಲಿ ಇದನ್ನು ಮೀರಿಸಲು ಮಿಂಟ್‌ಗೂ ಆಗಲಿಲ್ಲ. ಗುಂಡಿ ಒತ್ತಿ ನೀರಿನ ಬಾಟಲಿಯ ಮುಚ್ಚಳ ತೆಗೆಯುವಷ್ಟರಲ್ಲಿ ಪರದೆ ಸಿದ್ಧ. ಬ್ಯಾಟರಿಯೂ ಹೆಚ್ಚು ಹೊತ್ತು ಬಂತು. ಆದರೆ ಇದಕ್ಕೆ ಡಿಸ್ಕ್ ಪೂರ್ತಿ ಬಿಟ್ಟುಕೊಡಬೇಕು, ಇನ್ನೊಂದು ವ್ಯವಸ್ಥೆಯ ಜೊತೆ ಹಂಚಿಕೊಳ್ಳುವುದಿಲ್ಲ. ಹೆಸರು ಕ್ರೋಮ್ ಓಎಸ್ ಆದರೂ ಪ್ಲೇ ಸ್ಟೋರ್ ಇಲ್ಲ, ಹಾಗಾಗಿ ಮೊಬೈಲಿನ ಆ್ಯಪ್‌ಗಳೂ ಇಲ್ಲ.

ನನ್ನ ಕೆಲಸ ಕರಡು ತಿದ್ದುವುದು. ಪ್ರಕಾಶಕರಿಂದ ಇಂದಿಗೂ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನ ಕಡತಗಳು ಬರುತ್ತವೆ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಚಿತ್ರಾನ್ನ. ಗೂಗಲ್ ಡಾಕ್ಸ್‌ಗೆ ನಮ್ಮ ಫಾಂಟನ್ನು ನಾವೇ ಸೇರಿಸಲು ಬರುವುದಿಲ್ಲ. ಮಿಂಟ್‌ನಲ್ಲಿ ಫಾಂಟ್ ಕಡತವನ್ನು ಮನೆ ಫೋಲ್ಡರಿನೊಳಗಿನ ಫಾಂಟ್‌ಗಳ ಜಾಗಕ್ಕೆ ಹಾಕಿದರೆ ಲಿಬ್ರೆ ಆಫೀಸ್ ಅದೇ ಪುಟವನ್ನು ಓದುವಂತೆ ತೋರಿಸುತ್ತದೆ. ಇನ್ನು, ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಘಟ್ಟದಲ್ಲಿ ರೈಲಿಗೆ 57 ಸುರಂಗಗಳು. ಅಲ್ಲಿ ನೆಟ್‌ವರ್ಕ್ ನಂಬಿ ಕೂತರೆ ಕರಡು ಮುಗಿಯುವುದಿಲ್ಲ. ಗೂಗಲ್ ಡಾಕ್ಸನ್ನು ಮೊದಲೇ ಆಫ್‌ಲೈನ್ ಮಾಡಿಟ್ಟುಕೊಳ್ಳಬಹುದು ಎನ್ನುವವರಿಗೆ: ಹೌದು, ಮಾಡಬಹುದು. ಹೊರಡುವ ಅವಸರದಲ್ಲಿ ಅದನ್ನು ನೆನಪಿಟ್ಟುಕೊಂಡು ಮಾಡುವ ಜಾತಿ ನನ್ನದಲ್ಲ.

ಇನ್ನು ಕೀಲಿಮಣೆ. ನಾನು ಬರೆಯುವುದು ಕಗಪ ಎಂಬ ಕನ್ನಡ ಕೀಲಿ ವಿನ್ಯಾಸದಲ್ಲಿ. ಕೆ.ಪಿ. ರಾವ್ ರೂಪಿಸಿದ ವಿನ್ಯಾಸದಿಂದ ಬಂದು, ನುಡಿ ತಂತ್ರಾಂಶದ ಮೂಲಕ ನಮ್ಮ ಸರ್ಕಾರಿ ಕಚೇರಿಗಳಲ್ಲೆಲ್ಲ ನೆಲೆಯಾದದ್ದು. ‘ಕನ್ನಡ’ ಎನ್ನಲು ಬೆರಳು ಕೆ, ಎನ್, ಎಫ್, ಎನ್, ಡಬ್ಲ್ಯು ಎಂದು ಓಡುತ್ತದೆ. ನಡುವಿನ ಎಫ್ ಒತ್ತಕ್ಷರ ಕೂಡಿಸುವ ಕೀಲಿ. ಫ್ಲೆಕ್ಸ್‌ನಲ್ಲಿ ನಾನು ಕಂಡ ಕನ್ನಡ ಕೀಲಿಮಣೆ ಉಚ್ಚಾರಣೆ ಆಧಾರಿತ. ಕಗಪ ಆ ಪಟ್ಟಿಯಲ್ಲಿ ಕಾಣಲಿಲ್ಲ. ವರ್ಷಗಳಿಂದ ಬೆರಳಿಗೆ ಕೂತದ್ದನ್ನು ಒಂದು ಲ್ಯಾಪ್‌ಟಾಪಿಗಾಗಿ ಮರೆಯಲಾರೆ. ಫ್ಲೆಕ್ಸ್‌ನ ಕಥೆ ನನ್ನ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ಹಾಗೆಂದು ಮಿಂಟ್‌ನಲ್ಲಿ ಕಗಪ ತಾನಾಗಿ ಬಂದು ಕೂರುವುದೂ ಇಲ್ಲ. ಅಲ್ಲಿನ ತೊಡಕನ್ನು ಬಿಡಿಸಿ ಹೇಳಬೇಕು, ಏಕೆಂದರೆ ಲಿನಕ್ಸ್ ಹಾಕಿಸಿಕೊಂಡ ಕನ್ನಡಿಗರು ವಾಪಸ್ ಹೋಗುವುದು ಬಹುಮಟ್ಟಿಗೆ ಇಲ್ಲಿಂದಲೇ. ಕೀಬೋರ್ಡ್ ಸೆಟ್ಟಿಂಗಿನಲ್ಲಿ ಭಾರತೀಯ ವಿನ್ಯಾಸಗಳ ನಡುವೆ ‘ಕನ್ನಡ, ಕಗಪ’ ಎಂದು ಕಣ್ಣಿಗೆ ಬೀಳುತ್ತದೆ. ಅದನ್ನು ಆರಿಸಿದರೆ ಕೆಲಸ ಕೆಟ್ಟಿತು. ಅದು ಒಂದು ಕೀಲಿಗೆ ಒಂದು ಅಕ್ಷರ ಕೊಡುವ ನೇರ ನಕ್ಷೆ. ಹಿಂದೆ ಯಾವ ಅಕ್ಷರ ಇದೆ ಎಂದು ನೋಡುವ ಬುದ್ಧಿ ಅದಕ್ಕಿಲ್ಲ. ನುಡಿಯಲ್ಲಿ ಐ ಒತ್ತಿದರೆ ಪದದ ಮೊದಲಲ್ಲಿ ‘ಇ’ ಆಗುತ್ತದೆ, ಕಕಾರದ ಮುಂದೆ ‘ಕಿ’ ಆಗುತ್ತದೆ. ಇಲ್ಲಿ ಸ್ವರಕ್ಕೂ ಗುಣಿತದ ಚಿಹ್ನೆಗೂ ಬೇರೆ ಬೇರೆ ಒತ್ತು ಬೇಕು. ಎರಡು ಸಾಲು ಬರೆಯುವಷ್ಟರಲ್ಲಿ ಕಣ್ಣು ಕೆಂಪಾಗುತ್ತದೆ.

ಬೇಕಾದ ಕಗಪ ಇರುವುದು ಬೇರೆ ಕಡೆ. ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಐಬಸ್ (ಕೀಲಿಗಳ ಒತ್ತನ್ನು ಬೇರೆ ಭಾಷೆಯ ಅಕ್ಷರವಾಗಿಸುವ ತಂತ್ರಾಂಶ) ಮತ್ತು ಐಬಸ್-ಎಂ17ಎನ್ ಎಂಬ ಎರಡು ಪ್ಯಾಕೇಜ್ ಹಾಕಿ, ‘ಇನ್‌ಪುಟ್ ಮೆಥಡ್’ ಎಂಬಲ್ಲಿ ಐಬಸ್ ಆರಿಸಿ, ಲಾಗ್ ಔಟ್ ಆಗಿ ಮತ್ತೆ ಒಳಗೆ ಬರಬೇಕು. ಈ ಲಾಗ್ ಔಟ್ ಬಿಟ್ಟವರು ಏನೂ ಆಗಲಿಲ್ಲ ಎನ್ನುತ್ತಾರೆ. ಆಮೇಲೆ ಐಬಸ್ ಆದ್ಯತೆಗಳಲ್ಲಿ ಕನ್ನಡದ ಕೆಳಗೆ ಇರುವ ಕೆಜಿಪಿ, ಅಂದರೆ ಕಗಪ, ಸೇರಿಸಿದರೆ ನುಡಿಯ ಅಭ್ಯಾಸದ ಬೆರಳುಗಳಿಗೆ ಹೆಚ್ಚು ಕಷ್ಟವಿಲ್ಲ. ಸೂಪರ್ (ವಿಂಡೋಸ್ ಚಿಹ್ನೆಯ ಕೀಲಿ) ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಇಂಗ್ಲಿಷಿಗೂ ಕನ್ನಡಕ್ಕೂ ಬದಲಾವಣೆ.

ಇಷ್ಟಾದ ಮೇಲೂ ಎರಡು ಕಿರಿಕಿರಿ ಉಳಿಯುತ್ತವೆ. ಟೈಪಿಸುತ್ತಿರುವ ಕೊನೆಯ ಅಕ್ಷರದ ಕೆಳಗೆ ಸಣ್ಣ ಗೆರೆ ಇರುತ್ತದೆ. ಅದು ಇನ್ನೂ ಪುಟಕ್ಕೆ ಇಳಿದಿಲ್ಲ ಎಂದರ್ಥ. ಆಗಲೇ ಮೌಸಿನಿಂದ ಬೇರೆ ಸಾಲಿಗೆ ಹಾರಿದರೆ ಕೆಲವೊಮ್ಮೆ ಆ ಅಕ್ಷರ ಕಳೆದುಹೋಗುತ್ತದೆ, ಕೆಲವೊಮ್ಮೆ ಹೊಸ ಸಾಲಿನಲ್ಲಿ ಹೋಗಿ ಕೂರುತ್ತದೆ. ಕರಡು ತಿದ್ದುವವನಿಗೆ ಇದಕ್ಕಿಂತ ದೊಡ್ಡ ಶಾಪ ಬೇಡ. ಮೌಸ್ ಮುಟ್ಟುವ ಮೊದಲು ಸ್ಪೇಸ್ ಒತ್ತುವುದನ್ನು ರೂಢಿಸಿಕೊಂಡಿದ್ದೇನೆ. ಎರಡನೆಯದು, ಎಲ್ಲ ಕಿಟಕಿಗಳಿಗೂ ಒಂದೇ ಭಾಷೆ ಹಂಚುವ ಆಯ್ಕೆ ಐಬಸ್‌ನಲ್ಲಿ ಮೊದಲೇ ಟಿಕ್ ಆಗಿರುತ್ತದೆ. ಕನ್ನಡದಲ್ಲಿ ಬರೆಯುತ್ತ, ಆಜ್ಞೆಗಳನ್ನು ಟೈಪಿಸುವ ಟರ್ಮಿನಲ್‌ಗೆ ಹೋದರೆ ಅಲ್ಲಿಯೂ ಕನ್ನಡವೇ ಮೂಡುತ್ತದೆ. ಭಾಷಾಭಿಮಾನಕ್ಕೆ ಚೆನ್ನ, ಆಜ್ಞೆಗಳಿಗೆ ಅಲ್ಲ. ಆ ಟಿಕ್ ತೆಗೆಯಿರಿ.

ಇನ್ನೊಂದು ಲಿನಕ್ಸ್ ಆದ ಡೆಬಿಯನ್ ವಿಷಯದಲ್ಲಿ ದೂರೇನೂ ಇಲ್ಲ. 2023ರ 12ನೇ ಆವೃತ್ತಿಯಿಂದ ವೈಫೈ ಚಿಪ್‌ಗಳನ್ನು ನಡೆಸಲು ಬೇಕಾದ ಫರ್ಮ್‌ವೇರ್ ಎಂಬ ತಂತ್ರಾಂಶ ಅನುಸ್ಥಾಪನೆಯ ಕಡತದಲ್ಲೇ ಬರುತ್ತದೆ, ಹಿಂದಿನಂತೆ ಹುಡುಕಬೇಕಿಲ್ಲ. ಎಲ್‌ಎಕ್ಸ್‌ಕ್ಯೂಟಿ ಎಂಬ ಹಗುರ ಡೆಸ್ಕ್‌ಟಾಪ್ ಜೊತೆ ಹಾಕಿದರೆ ಮಿಂಟ್‌ಗಿಂತ ಕಡಿಮೆ ರ‍್ಯಾಮ್ ತಿನ್ನುತ್ತದೆ. ಅದೇ ಐಬಸ್, ಅದೇ ಕಗಪ, ಅದೇ ಗುಬ್ಬಿ ಮತ್ತು ನವಿಲು ಎಂಬ ಕನ್ನಡ ಫಾಂಟುಗಳು. ಆದರೆ ಅನುಸ್ಥಾಪನೆಯಲ್ಲಿ ರೂಟ್ (ಮೇಲ್ವಿಚಾರಕ ಖಾತೆಯ) ಪಾಸ್‌ವರ್ಡ್ ಕೊಟ್ಟರೆ ನಮ್ಮ ಖಾತೆಗೆ ಸುಡೋ, ಅಂದರೆ ವ್ಯವಸ್ಥೆಯನ್ನು ಬದಲಿಸುವ, ಅಧಿಕಾರ ಸಿಗುವುದಿಲ್ಲ, ಕೈಯಾರೆ ಸೇರಿಸಬೇಕು. ಇಂಥ ಸಣ್ಣಪುಟ್ಟ ಕೆಲಸಗಳನ್ನು ಮನೆಯ ಮೇಜಿನ ಮೇಲಿನ ಯಂತ್ರಕ್ಕೆ ಸಂತೋಷದಿಂದ ಮಾಡುತ್ತೇನೆ. ಲಾಡ್ಜಿನ ಕೋಣೆಯಲ್ಲಿ ಅಲ್ಲ.

ಹೆಸರಾಂತ ಲಿನಕ್ಸ್ ಉಬುಂಟು ಏಕಿಲ್ಲ ಎಂದರೆ, ಅದರ ಫೈರ್‌ಫಾಕ್ಸ್ ಸ್ನ್ಯಾಪ್ ಎಂಬ ಪ್ಯಾಕೇಜ್ ರೂಪದಲ್ಲಿ ಬರುತ್ತದೆ. ನಿಧಾನದ ಇಎಂಎಂಸಿಗೆ ಅದು ಹೊರೆ. ಮಿಂಟ್ ಸ್ನ್ಯಾಪ್ ಅನ್ನು ದೂರವಿಟ್ಟಿದೆ.

ಮಿಂಟ್ ಹಾಕುವವರಿಗೆ ಒಂದೆರಡು ಮಾತು. 32 ಜಿಬಿ ಜಾಗದಲ್ಲಿ ಟೈಮ್‌ಶಿಫ್ಟ್ (ವ್ಯವಸ್ಥೆಯ ಪ್ರತಿಗಳನ್ನು ತೆಗೆದಿಡುವ ಸಾಧನ) ಚಾಲೂ ಮಾಡಬೇಡಿ. ಅದರ ಸ್ನ್ಯಾಪ್‌ಶಾಟ್‌ಗಳೇ ಡಿಸ್ಕನ್ನು ನುಂಗುತ್ತವೆ. ರ‍್ಯಾಮಿನೊಳಗೇ ಡೇಟಾ ಕುಗ್ಗಿಸಿಡುವ ಝಡ್‌ರ‍್ಯಾಮ್ ಹಾಕಿಕೊಳ್ಳಿ. ಫ್ಲೆಕ್ಸ್‌ನಲ್ಲಿ ಅದು ತಾನಾಗಿಯೇ ಇರುತ್ತದೆ. ಡಿಸ್ಕ್ ಅಳಿಸುವ ಮೊದಲು ಪೆನ್‌ಡ್ರೈವ್‌ನಿಂದಲೇ ಲೈವ್ ಆಗಿ ಓಡಿಸಿ ವೈಫೈ, ಟಚ್‌ಪ್ಯಾಡ್, ಧ್ವನಿ ನೋಡಿಬಿಡಿ. ವೈಫೈ ಹತ್ತದಿದ್ದರೆ ಆಂಡ್ರಾಯ್ಡ್ ಮೊಬೈಲನ್ನು ಯುಎಸ್‌ಬಿ ತಂತಿಯಲ್ಲಿ ಜೋಡಿಸಿ ಟೆದರಿಂಗ್ ಕೊಟ್ಟರೆ ಡ್ರೈವರ್ ಇಳಿಸಿಕೊಳ್ಳುವಷ್ಟು ದಾರಿಯಾಗುತ್ತದೆ.

ನನ್ನ ಅಕ್ಕನಿಗೆ ಬೇಕಾದದ್ದು ಯೂಟ್ಯೂಬ್, ಇಮೇಲ್, ಮಗನ ಜೊತೆ ವಿಡಿಯೊ ಕರೆ. ಅವಳ ಹಳೆಯ ಲ್ಯಾಪ್‌ಟಾಪಿಗೆ ಫ್ಲೆಕ್ಸನ್ನೇ ಹಾಕಿಕೊಟ್ಟಿದ್ದೇನೆ, ಅವಳು ಸುಖವಾಗಿದ್ದಾಳೆ. ನನ್ನದರಲ್ಲಿ ಮಿಂಟ್ 22 ಇದೆ, ಅದಕ್ಕೆ 2029ರವರೆಗೆ ಭದ್ರತಾ ಅಪ್‌ಡೇಟ್‌ಗಳು ಬರುತ್ತವೆ. ಅಲ್ಲಿಯವರೆಗೆ ಬ್ಯಾಟರಿ ಬದುಕಿರುತ್ತದೆಯೇ ಎಂಬುದಷ್ಟೇ ಈಗಿನ ಚಿಂತೆ.